ಹದಿನೇಳರ ಪಕ್ಕದ ಚುಕ್ಕೆ

ನನಗೆ ನನ್ನ ತಮ್ಮನ ಮೇಲೆ ಹೊಟ್ಟೆಕಿಚ್ಚು.

ಮುಚ್ಚಿಡುವುದೇನಿದೆ? ಅವನ ಹೊಸ ಕೈಗವಸಿನ ಮೇಲೆ ಹೊಟ್ಟೆಕಿಚ್ಚು. ಅವನು ಶೆಡ್ಡಿನ ಬಾಗಿಲಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಟೀ ಕುಡಿಯುತ್ತಾನಲ್ಲ, ಆ ಕಾಲಿನ ಮೇಲೆ ಹೊಟ್ಟೆಕಿಚ್ಚು. ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಾರೆ. ನನ್ನನ್ನು ಮೇಸ್ತ್ರಿಯ ಅಕ್ಕ ಎನ್ನುತ್ತಾರೆ. ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಬುದ್ಧಿ ಹೇಳುವವರನ್ನು ನೋಡಿದ್ದೇನೆ. ಅವರ ಹೊಟ್ಟೆ ತುಂಬಿರುತ್ತದೆ.

ನಮ್ಮದು ಟ್ಯಾಂಕ್ ಮಾಡುವ ಶೆಡ್ಡು. ಎದೆಯೆತ್ತರದ ಕಬ್ಬಿಣದ ಟ್ಯಾಂಕುಗಳು. ದಪ್ಪ ತಗಡನ್ನು ಬಗ್ಗಿಸಿ, ಅಂಚಿಗೆ ಅಂಚು ತಂದು ಕೂಡಿಸಿ ಬೆಸೆಯಬೇಕು. ಒಂದೇ ಕಡೆ ಬೆಸೆದರೆ ನಿಲ್ಲುವುದಿಲ್ಲ. ಹೊರಗಿನಿಂದ ಒಂದು ಬೆಸುಗೆ, ಒಳಗಿನಿಂದ ಒಂದು ಬೆಸುಗೆ. ಹೊರಗಿನದು ತಮ್ಮನದು. ಒಳಗಿನದು ನನ್ನದು.

ಒಳಗೆ ಹೋಗುವುದೆಂದರೆ ಟ್ಯಾಂಕಿನ ಬಾಯಲ್ಲಿ ಮೊದಲು ಕೈ ತೂರಿಸಬೇಕು, ಆಮೇಲೆ ತಲೆ, ಆಮೇಲೆ ಒಂದು ಭುಜ, ಆಮೇಲೆ ಇನ್ನೊಂದು. ತಮ್ಮನ ಭುಜ ಹಿಡಿಸುವುದಿಲ್ಲ. ನನ್ನದು ಹಿಡಿಸುತ್ತದೆ. ಒಳಗೆ ನೆಟ್ಟಗೆ ನಿಲ್ಲಲು ಆಗದು, ಕಾಲು ಚಾಚಿ ಕೂರಲು ಆಗದು. ಮಂಡಿಯೂರಿ, ಕತ್ತು ಸೊಟ್ಟ ಮಾಡಿಕೊಂಡು ಬೆಸೆಯಬೇಕು. ಹೊಗೆಗೆ ಹೋಗಲು ಬೇರೆ ದಾರಿಯಿಲ್ಲ, ನನ್ನ ಮೂಗೇ ದಾರಿ. ಕಿಡಿ ಕುತ್ತಿಗೆಯೊಳಗೆ ಬೀಳುತ್ತದೆ. ಬಿದ್ದಾಗ ಕೈ ಕದಲಿಸಬಾರದು. ಕದಲಿಸಿದರೆ ಬೆಸುಗೆ ಕೆಡುತ್ತದೆ, ಚರ್ಮವಾದರೆ ಮತ್ತೆ ಬರುತ್ತದೆ. ಬೆವರಿಗೆ ಬಟ್ಟೆ ನೆನೆದರೆ ಕರೆಂಟು ಜುಮ್ಮೆನ್ನುತ್ತದೆ. ನೀರು ಕುಡಿಯುವುದಿಲ್ಲ. ಕುಡಿದರೆ ಹೋಗಬೇಕಾಗುತ್ತದೆ. ಶೆಡ್ಡಿನಲ್ಲಿ ಗಂಡಸರಿಗೆ ಗೋಡೆಯಿದೆ. ಹೆಂಗಸರಿಗೆ ಏನೂ ಇಲ್ಲ.

"ಒಳಗಿನ ಕೆಲಸ ಹೆಂಗಸರಿಗೇ ಸರಿ ಬಿಡು, ಮನೆಯೊಳಗೆ ಇದ್ದು ಅಭ್ಯಾಸ ನಿಮಗೆ" ಎಂದು ಸಾಹುಕಾರರು ಒಮ್ಮೆ ತಮಾಷೆ ಮಾಡಿದ್ದರು. ಎಲ್ಲರೂ ನಕ್ಕರು. ನಾನೂ ನಕ್ಕೆ. 

ಬೆಸುಗೆ ಮುಗಿದ ಮೇಲೆ ಅದರ ಪಕ್ಕ ನಂಬರು ಹೊಡೆಯಬೇಕು. ಒಬ್ಬೊಬ್ಬ ಬೆಸುಗೆಯವನಿಗೆ ಒಂದೊಂದು ನಂಬರು. ಉಕ್ಕಿನ ಪಂಚು ಇಟ್ಟು ಸುತ್ತಿಗೆಯಿಂದ ಒಂದೇಟು ಹಾಕಿದರೆ ಕಬ್ಬಿಣದ ಮೇಲೆ ನಂಬರು ಮೂಡುತ್ತದೆ. ಮಳೆ ಬಂದರೂ ಹೋಗದು, ಬಣ್ಣ ಬಳಿದರೂ ಹೋಗದು. ತಮ್ಮನದು ಹದಿನೇಳು. ನಂಬರು ಹೊಡೆಯುವುದು ಹೊರಗೆ ಮಾತ್ರ. ಒಳಗೆ ಯಾರು ನೋಡುತ್ತಾರೆ? ಹೀಗಾಗಿ ಹೊರಗಿನದೂ ಹದಿನೇಳು, ಒಳಗಿನದೂ ಹದಿನೇಳು. ನಾನು ಹೆಲ್ಪರು. ನನ್ನ ಕೈ ಕೆಸರು, ಅವನ ಬಾಯಿ ಮೊಸರು.

ಹದಿನೇಳು ನಮ್ಮ ಅಪ್ಪನ ನಂಬರು.

ಬೆಸುಗೆ ಕಲಿಸಿದ್ದು ಅಪ್ಪನೇ. ಮೊದಲು ನನಗೆ, ಆಮೇಲೆ ಅವನಿಗೆ. ಮನೆಯ ಹಿಂದೆ ಚೂರುಪಾರು ಕಬ್ಬಿಣ ರಾಶಿ ಹಾಕಿಕೊಂಡು ಇಬ್ಬರಿಂದಲೂ ಬೆಸುಗೆ ಹಾಕಿಸುತ್ತಿದ್ದ. ಎರಡು ಪಟ್ಟಿ ಕೂಡಿಸಿ ಬೆಸೆ, ಒಡೆದು ನೋಡು, ಮತ್ತೆ ಬೆಸೆ. ಯಾವ ತುಂಡು ಯಾರದೆಂದು ತಿಳಿಯಲು ಬೆಸೆಯುವ ಮೊದಲೇ ಹಿಂಭಾಗದ ಮೂಲೆಯಲ್ಲಿ ಚುಕ್ಕೆ ಹೊಡೆಯುತ್ತಿದ್ದ. "ದೊಡ್ಡವಳಿಗೆ ಒಂದು ಚುಕ್ಕೆ, ಚಿಕ್ಕವನಿಗೆ ಎರಡು" ಎನ್ನುತ್ತಿದ್ದ. ಎರಡು ಚುಕ್ಕೆ ಬೇಕೆಂದು ನಾನು ಅತ್ತಿದ್ದೆ. ಹೊಟ್ಟೆಕಿಚ್ಚು ಆಗಿನದು.

ಬೆಂಕಿ ನೋಡಿ ನೋಡಿ ಅಪ್ಪನ ಕಣ್ಣು ಮಂಜಾಯಿತು. ಕೆಲಸ ಬಿಟ್ಟ ದಿನ ಸಾಹುಕಾರರು ಮನೆಗೆ ಬಂದು, "ನಿನ್ನ ನಂಬರು ಮನೆ ಬಿಟ್ಟು ಹೋಗ್ಬಾರ್ದು ಮಾರಾಯ" ಎಂದು ಪಂಚನ್ನು ತಮ್ಮನ ಕೈಗೆ ಕೊಟ್ಟರು. ಆಗ ನಾನು ಶೆಡ್ಡಿನಲ್ಲಿ ಅಪ್ಪನ ಜೊತೆ ಒಳಗಿನ ಬೆಸುಗೆ ಮಾಡುತ್ತಿದ್ದವಳು. ತಮ್ಮ ಬೆಸೆಯಲು ಹೋದರೆ ಇನ್ನೂ ರಾಡು ತಗಡಿಗೇ ಅಂಟಿಕೊಳ್ಳುತ್ತಿತ್ತು. ನಾನು ನೀರಿನ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಸಾಹುಕಾರರು ಲೋಟ ತೆಗೆದುಕೊಂಡರು, ಕುಡಿದರು, ವಾಪಸ್ಸು ಕೊಟ್ಟರು. ಅಪ್ಪ ನನ್ನ ಕಡೆ ತಿರುಗಿದ. ಆ ಕಣ್ಣಿಗೆ ನಾನು ಕಂಡೆನೋ ಇಲ್ಲವೋ ಗೊತ್ತಿಲ್ಲ. 

ಇಬ್ಬರ ಕೈ ಮೇಲೂ ಸುಟ್ಟ ಕಲೆಗಳಿವೆ. ಅವನ ಕಲೆ ನೋಡಿದ ಹೆಣ್ಣಿನ ಕಡೆಯವರು "ದುಡಿಯೋ ಕೈ" ಎಂದರು. ನನ್ನ ಕಲೆ ನೋಡಿದ ಗಂಡಿನ ಕಡೆಯವರು ಎದ್ದು ಹೋದರು. ಕಲೆ ಒಂದೇ. ಬೆಂಕಿಯೂ ಒಂದೇ.

ನಮ್ಮ ಮನೆಯ ಗೋಡೆಯ ಮೇಲೆ ಒಂದು ಕಬ್ಬಿಣದ ತುಂಡು ತೂಗುಹಾಕಿದೆ. ಅಂಗೈಗಿಂತ ಸ್ವಲ್ಪ ದೊಡ್ಡದು. ನಡುವೆ ಒಂದು ಬೆಸುಗೆ. ನಾವು ಕಲಿಯುವಾಗಿನ ರಾಶಿಯಿಂದ ಅಪ್ಪ ಆರಿಸಿ, ತೂತು ಕೊರೆದು, ತಂತಿ ಕಟ್ಟಿ ಮೊಳೆಗೆ ತೂಗಿಹಾಕಿದ್ದ. "ನಮ್ಮನೆ ಕೈ ಇದು" ಎಂದಿದ್ದ, ಅಷ್ಟೇ. ಬಂದವರು "ಮಗಂದಾ?" ಎಂದು ಕೇಳುತ್ತಾರೆ. ಅಮ್ಮ ಹೌದೆನ್ನುತ್ತಾಳೆ. ಅಪ್ಪ ತೀರಿಹೋದ ಮೇಲೂ ಅಮ್ಮ ಎಣ್ಣೆ ಬಟ್ಟೆಯಿಂದ ಅದರ ಮುಖ ಒರೆಸುತ್ತಾಳೆ. ನನ್ನ ಮುಖ ಅಷ್ಟು ಅಕ್ಕರೆಯಿಂದ ಒರೆಸಿದ್ದು ನನಗೆ ನೆನಪಿಲ್ಲ.

ಆ ಬೆಸುಗೆ ಚೆನ್ನಾಗಿದೆ. ಸುಳ್ಳೇಕೆ? ಉಬ್ಬು ಎಲ್ಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾಣ್ಯಗಳನ್ನು ಒಂದರ ಮೇಲೊಂದು ಜಾರಿಸಿ ಮಲಗಿಸಿದ ಹಾಗೆ ಇದೆ. ಊಟಕ್ಕೆ ಕೂತಾಗಲೆಲ್ಲ ಅದು ನನ್ನ ಎದುರಿಗೇ ಬರುತ್ತದೆ. ಅದನ್ನು ನೋಡುತ್ತಾ ಅನ್ನ ನುಂಗಿದ್ದೇನೆ. ಹುಡುಗ ಆ ವಯಸ್ಸಿಗೇ ಇಷ್ಟು ಚೆನ್ನಾಗಿ ಹಾಕಿದ್ದನಲ್ಲ, ನನಗೆ ಯಾಕೆ ಬರಲಿಲ್ಲ ಎಂದು ಹೊಟ್ಟೆ ಉರಿದಿದೆ. ಟ್ಯಾಂಕಿನೊಳಗೆ ಮಂಡಿಯೂರಿದಾಗಲೆಲ್ಲ ಕಣ್ಣ ಮುಂದೆ ಅದೇ ತುಂಡು. ಅದರ ಹಾಗೆ ಒಂದು, ಒಂದೇ ಒಂದು ಹಾಕಬೇಕು. ಹಾಕಿ ಅವನ ಮುಖಕ್ಕೆ ಹಿಡಿಯಬೇಕು. ಇದೇ ನನ್ನ ಹರಕೆಯಾಗಿತ್ತು.

ಶೆಡ್ಡಿನ ಹೆಬ್ಬಾಗಿಲ ಮೇಲೆ ಒಂದು ಬೋರ್ಡಿದೆ. ಅದರಲ್ಲಿ ಒಬ್ಬ ಬೆಸುಗೆಯವನ ಚಿತ್ರ. ದಪ್ಪ ತೋಳು, ಹುರಿ ಮೀಸೆ, ಒಂದು ಕೈಯಲ್ಲಿ ಮಾಸ್ಕು ಎತ್ತಿ ಹಿಡಿದು ನಗುತ್ತಿದ್ದಾನೆ. ಏಣಿ ಹತ್ತಿ ಆ ಬೋರ್ಡಿನ ಧೂಳು ಒರೆಸುವುದು ನನ್ನ ಪಾಲಿನ ಕೆಲಸ. ಅವನ ಮೀಸೆ ನಾನೇ ತೊಳೆದಿದ್ದೇನೆ. ನನಗೆ ಆಗಾಗ ಒಂದು ಕನಸು ಬೀಳುತ್ತಿತ್ತು. ಕನಸಿನಲ್ಲಿ ನನಗೆ ನಂಬರು ಸಿಕ್ಕಿದೆ. ಎಲ್ಲರೂ ಸುತ್ತ ನಿಂತಿದ್ದಾರೆ. ನಾನು ಬೆಸುಗೆ ಮುಗಿಸಿ ಮಾಸ್ಕು ಎತ್ತುತ್ತೇನೆ. ಒಳಗೆ ನಾನಿರುವುದಿಲ್ಲ, ಆ ಮೀಸೆಯವನಿರುತ್ತಾನೆ. ನನ್ನ ಕನಸಿನಲ್ಲೂ ನನಗೆ ಜಾಗವಿರಲಿಲ್ಲ.

ಒಂದು ದಿನ ಧೈರ್ಯ ಮಾಡಿ ಸಾಹುಕಾರರನ್ನು ಕೇಳಿದೆ.

"ನನಗೂ ಒಂದು ನಂಬರು ಕೊಡಿ. ಪರೀಕ್ಷೆ ಬೇಕಾದ್ರೆ ಕೊಡ್ತೀನಿ."

ಅವರು ಪೇಪರಿನಿಂದ ತಲೆ ಎತ್ತಿದರು. "ಯಾತಕ್ಕಮ್ಮಾ?"

"ಒಳಗಿನದೆಲ್ಲಾ ನಾನೇ ಮಾಡೋದಲ್ವಾ?"

"ನೀನು ಮಾಡೋದು ಯಾರು ಇಲ್ಲ ಅಂದ್ರು? ನಿನ್ನ ತಮ್ಮಂಗೆ ಸಹಾಯ ಮಾಡ್ತೀಯ. ಮನೆ ಮಕ್ಕಳು ಅಂದ್ಮೇಲೆ ನಂದು ನಿಂದು ಅಂತ ಉಂಟೇನು?" ಆಮೇಲೆ ದನಿ ತಗ್ಗಿಸಿದರು. "ನೋಡು, ನನಗೇನೂ ಇಲ್ಲ. ಆದ್ರೆ ಟ್ಯಾಂಕ್ ಕೊಳ್ಳೋನು ಬೆಸುಗೆ ಹಾಕ್ದೋನು ಯಾರು ಅಂತ ಕೇಳ್ತಾನೆ. ಹೆಂಗಸು ಅಂದ್ರೆ ಅವನ ಕಣ್ಣಿಗೆ ಸೋರೋ ತೂತೇ ಕಾಣುತ್ತೆ. ಬೆಸುಗೆ ಕಾಣಲ್ಲ."

"ನಿಮ್ಮ ಕಣ್ಣಿಗೆ?"

ಸಾಹುಕಾರರು ಮತ್ತೆ ಪೇಪರು ಎತ್ತಿಕೊಂಡರು.

ಟ್ಯಾಂಕು ಕೊಳ್ಳುವ ಕಂಪನಿಯಿಂದ ಪರೀಕ್ಷೆ ಮಾಡಲು ಎಂಜಿನಿಯರು ಬರುತ್ತಾರೆ ಎಂದು ಸುದ್ದಿಯಾಯಿತು. ಸಾಹುಕಾರರು ಹೊಸ ಶರ್ಟು ಹಾಕಿ ಬಾಗಿಲಲ್ಲಿ ನಿಂತರು. ಕಾರು ಬಂತು. ಇಸ್ತ್ರಿ ಶರ್ಟಿನ ಗಂಡಸೊಬ್ಬ ಇಳಿದ. ಸಾಹುಕಾರರು ಓಡಿಹೋಗಿ ಅವನ ಎರಡೂ ಕೈ ಹಿಡಿದುಕೊಂಡು, "ಬನ್ನಿ ಸಾರ್, ದಾರಿ ಕಷ್ಟ ಆಯ್ತಾ?" ಎಂದರು. ಅವನು ಕಕ್ಕಾಬಿಕ್ಕಿ. ಡ್ರೈವರು ಪಾಪ. ಎಂಜಿನಿಯರು ಹಿಂದಿನ ಬಾಗಿಲು ತಾನೇ ತೆಗೆದುಕೊಂಡು ಇಳಿದಳು. ಹೆಂಗಸು. ಸಾಹುಕಾರರ ಮುಖ ನೋಡಬೇಕಿತ್ತು. ನಗು ತಡೆಯಲು ನಾನು ಟ್ಯಾಂಕಿನ ಹಿಂದೆ ಹೋದೆ.

ನಗು ಬೇಗ ಆರಿತು. ಅವಳನ್ನು ನೋಡಿ ಹೊಟ್ಟೆ ಉರಿಯತೊಡಗಿತು. ಅವಳು ಕೂರುವ ಮೊದಲೇ ಕುರ್ಚಿ ಬಂತು. ಉಗುರಿನಲ್ಲಿ ಕಪ್ಪಿರಲಿಲ್ಲ. ಮಾತಾಡುವಾಗ ಗಂಡಸರೆಲ್ಲ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ಉರಿಯ ಕೆಳಗೆ ಸಣ್ಣದೊಂದು ಆಸೆಯೂ ಇತ್ತು. ಡ್ರೈವರನ್ನು ಎಂಜಿನಿಯರು ಅಂದುಕೊಂಡಿದ್ದು ಈಗತಾನೇ ಅವಳ ಕಣ್ಣ ಮುಂದೆ ನಡೆದಿದೆ. ಇವಳಾದರೂ ನೋಡುತ್ತಾಳೆ ಅಂದುಕೊಂಡೆ.

ಅವಳು ಟ್ಯಾಂಕಿನ ಬಾಯಲ್ಲಿ ತಲೆ ಹಾಕಿ, ಟಾರ್ಚು ಬಿಟ್ಟು, ಒಳಗಿನ ಬೆಸುಗೆಯನ್ನು ಉದ್ದಕ್ಕೂ ನೋಡಿದಳು. ತುಂಬ ಹೊತ್ತು ನೋಡಿದಳು. 

"ಬಹಳ ಚೆನ್ನಾಗಿದೆ. ಇಷ್ಟು ಇಕ್ಕಟ್ಟಲ್ಲಿ ಇಂಥಾ ಕೈ ನಾನು ನೋಡಿಲ್ಲ." ತಲೆ ಹೊರಗೆ ತೆಗೆದು ನಂಬರು ಓದಿದಳು. "ಹದಿನೇಳು. ಯಾರಪ್ಪಾ ಹದಿನೇಳು?"

ನಾನು ಅವಳ ಪಕ್ಕದಲ್ಲೇ ಇದ್ದೆ. ನನ್ನ ಬಟ್ಟೆ ತುಂಬ ಕಿಡಿಯ ತೂತು. ಮುಖದಲ್ಲಿ ಮಾಸ್ಕಿನ ಅಚ್ಚು. ಅವಳ ಕಣ್ಣು ನನ್ನ ಮೇಲೆ ಬಿತ್ತು, ಜಾರಿತು, ಮುಂದೆ ಹೋಯಿತು. ಅಲ್ಲಿ ನಿಂತಿದ್ದ ಗಂಡಸರನ್ನು ಒಬ್ಬೊಬ್ಬರನ್ನಾಗಿ ನೋಡಿತು. ನನ್ನ ತಮ್ಮ ಮುಂದೆ ಬಂದು ತಲೆ ತಗ್ಗಿಸಿದ.

ಆ ತಗ್ಗಿಸಿದ ತಲೆ ಇದೆಯಲ್ಲ! ಅವನು ಸುಳ್ಳು ಹೇಳಲಿಲ್ಲ. ನಾನೇ ಮಾಡಿದ್ದು ಎನ್ನಲಿಲ್ಲ. ಸುಮ್ಮನೆ ನಿಂತ. ಸುಮ್ಮನೆ ನಿಂತೇ ಗೆಲ್ಲುವ ಭಾಗ್ಯ ಅವನದು. ನಾನು ಬಾಯಿ ಬಿಟ್ಟರೆ ಜಗಳಗಂಟಿ, ಬಿಡದಿದ್ದರೆ ಹೆಲ್ಪರು. ಮರುದಿನ ಸಾಹುಕಾರರು ಅವನಿಗೆ ಹೊಸ ಕೈಗವಸು ಕೊಟ್ಟರು. ಮೊಣಕೈ ತನಕ ಬರುವ ಮೆತ್ತನೆಯ ಚರ್ಮದ್ದು. ನಾನು ಅಪ್ಪನ ಹಳೆಯ ಹರಕು ಕೈಗವಸನ್ನೇ ದಾರ ಕಟ್ಟಿ ಹಾಕಿಕೊಳ್ಳುತ್ತೇನೆ. ಅಮ್ಮ ಹೊಸದನ್ನು ಕೈಯಲ್ಲಿ ಹಿಡಿದು ಮೂಸಿದಳು. ಗೋಡೆಯ ಮೇಲಿನ ಆ ತುಂಡಿನ ಪಕ್ಕವೇ ಇನ್ನೊಂದು ಮೊಳೆ ಹೊಡೆದು ತೂಗಿಹಾಕಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹೆಗ್ಗಣವಾದರೂ ಆಗಿ ಹುಟ್ಟಬಾರದಿತ್ತೇ ಎನಿಸಿತು.

ಎಂಜಿನಿಯರು ಎರಡನೆಯ ಸಲ ಬಂದದ್ದು ಸೋರುವ ಪರೀಕ್ಷೆಗೆ.

ಸೋರುವ ಪರೀಕ್ಷೆ ಕಷ್ಟದ್ದೇನಲ್ಲ. ಹೊರಗಿನ ಬೆಸುಗೆಯ ಮೇಲೆ ಸುಣ್ಣ ಬಳಿಯುತ್ತಾರೆ. ಒಣಗಿದ ಮೇಲೆ ಒಳಗಿನ ಬೆಸುಗೆಗೆ ಸೀಮೆಎಣ್ಣೆ ಹಚ್ಚುತ್ತಾರೆ. ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೆ ಎಣ್ಣೆ ನುಸುಳಿ ಬಂದು ಬಿಳಿ ಸುಣ್ಣದ ಮೇಲೆ ಕಲೆಯಾಗುತ್ತದೆ. ಸೀಮೆಎಣ್ಣೆ ಹಚ್ಚುವುದು ಒಳಗಿನ ಕೆಲಸ. ಅಂದರೆ ನನ್ನದು.

ನಾನು ಒಳಗೆ ಬಗ್ಗಿ ಬ್ರಷ್ಷು ಆಡಿಸುತ್ತಿದ್ದೆ. ಎಣ್ಣೆಯ ಘಾಟಿಗೆ ಕಣ್ಣು ಉರಿಯುತ್ತಿತ್ತು. ಹೊರಗೆ ಯಾರೋ "ಅಯ್ಯೋ, ಇಲ್ಲಿ!" ಎಂದರು. ಬೂಟುಗಳು ಓಡಿ ಬಂದವು. ಟ್ಯಾಂಕಿನೊಳಗೆ ಕೂತವರಿಗೆ ಹೊರಗಿನ ಮಾತು ದುಪ್ಪಟ್ಟಾಗಿ ಕೇಳುತ್ತದೆ. ಒಂದೊಂದು ಮಾತೂ ತಲೆಯ ಮೇಲೆ ಬಡಿದ ಹಾಗೆ.

"ಕಲೆ ಬಂದಿದೆ." ಇದು ಎಂಜಿನಿಯರು. "ನಂಬರು ಹದಿನೇಳೇ ಇದೆಯಲ್ಲ!"

"ಹದಿನೇಳು ಹೀಗೆ ಬಿಡೋನಲ್ಲ ಮೇಡಂ." ಇದು ಸಾಹುಕಾರರು.

"ನನಗೂ ಹಾಗೇ ಅನ್ಸುತ್ತೆ. ಹೋದ ಸಲ ಒಳಗೆ ನೋಡಿದ್ದೆ. ಆ ಕೈ ಇಂಥ ತಪ್ಪು ಮಾಡಲ್ಲ."

"ಮಾಡಲ್ಲ ಮೇಡಂ. ಅವನ ಅಕ್ಕ ಒಬ್ಬಳಿದ್ದಾಳೆ, ಹೆಲ್ಪರು. ಇವನು ಇಲ್ಲದಾಗ ಕೈ ಹಾಕಿರ್ಬೇಕು. ಹೆಂಗಸರ ಕೈ ನೋಡಿ, ಒಂದು ಕಡೆ ನಿಲ್ಲಲ್ಲ. ನಡುಗುತ್ತೆ."

"ಹೌದು, ಅಕ್ಕಂದೇ ಇರ್ಬೇಕು" ಎಂದಿತು ಒಂದು ದನಿ. "ಅಕ್ಕಂದೇ" ಎಂದಿತು ಇನ್ನೊಂದು. ಆಳಿಗೊಂದು ಕಲ್ಲು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಎಮ್ಮೆಯ ಹಾಗೆ ಕತ್ತಲಲ್ಲಿ ಕೂತಿದ್ದೆ. ತಮ್ಮನ ದನಿಗಾಗಿ ಕಾದೆ. ಅವನ ಬೂಟು ನನಗೆ ಗೊತ್ತು, ಟ್ಯಾಂಕಿಗೆ ಒರಗಿ ನಿಂತಿದ್ದ. ನನಗೂ ಅವನಿಗೂ ನಡುವೆ ಒಂದು ತಗಡು. ಅವನು ಉಸಿರೆತ್ತಲಿಲ್ಲ.

ಅಲ್ಲಿ ನಿಂತವರಲ್ಲಿ ಸೋರುವ ಲೆಕ್ಕ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಎಣ್ಣೆ ಒಳಗಿನಿಂದ ಹೊರಗೆ ಬರಬೇಕಾದರೆ ಒಳಗಿನ ಬೆಸುಗೆಯನ್ನೂ ದಾಟಬೇಕು, ಹೊರಗಿನ ಬೆಸುಗೆಯನ್ನೂ ದಾಟಬೇಕು. ಇದು ಶೆಡ್ಡು ಗುಡಿಸುವವನಿಗೂ ಗೊತ್ತು. ಗೊತ್ತಿದ್ದೂ ಯಾರ ತಲೆಗೂ ಹೊಳೆಯಲಿಲ್ಲ. ತೂತು ಎಂದೊಡನೆ ಅವರ ಕಣ್ಣಿಗೆ ಹೆಂಗಸು ಕಂಡಳು. ಕಂಡ ಮೇಲೆ ಲೆಕ್ಕ ಯಾಕೆ?

ನಾನು ಟ್ಯಾಂಕಿನ ಬಾಯಿಂದ ತಲೆ ಹೊರಗೆ ಹಾಕಿದೆ. ಎಂಜಿನಿಯರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು.

"ಹೋದ ಸಲ ನೀವು ಟಾರ್ಚ್ ಹಾಕಿ ನೋಡಿದ್ದು ನನ್ನ ಬೆಸುಗೆ" ಎಂದೆ.

ಸಾಹುಕಾರರು ನಕ್ಕರು. "ನೋಡಿದ್ರಾ ಮೇಡಂ? ಒಳ್ಳೇದು ಅಂದ್ರೆ ತನ್ನದಂತೆ, ಕೆಟ್ಟದ್ದು ಅಂದ್ರೆ ತಮ್ಮಂದಂತೆ!"

"ಇಲ್ಲ. ಕೆಟ್ಟದ್ದೂ ನಂದು." ನಾನು ಭುಜ ಎಳೆದುಕೊಂಡು ಪೂರ್ತಿ ಹೊರಗೆ ಬಂದೆ. ಮೈಯಿಂದ ಸೀಮೆಎಣ್ಣೆ ತೊಟ್ಟಿಕ್ಕುತ್ತಿತ್ತು. "ಈ ತೂತು ಅರ್ಧ ನಂದು, ಅರ್ಧ ಅವಂದು. ನಂದು ದಾಟಿದ್ಮೇಲೆ ಅವಂದು ದಾಟಿ ಬಂದಿದೆ ಎಣ್ಣೆ. ಒಳಗಿನದೆಲ್ಲಾ ನಂದು. ಈ ಟ್ಯಾಂಕಿಂದೂ, ಅಂಗಳದಲ್ಲಿ ನಿಂತಿರೋ ಎಲ್ಲಾ ಟ್ಯಾಂಕಿಂದೂ."

ಎಂಜಿನಿಯರು ತಮ್ಮನ ಕಡೆ ತಿರುಗಿದಳು. "ಏನಪ್ಪಾ, ಒಳಗಿನದು ಯಾರದು?"

ತಮ್ಮ ತನ್ನ ಕೈಗವಸು ನೋಡಿಕೊಂಡ. ಅದರಲ್ಲಿ ಉತ್ತರ ಬರೆದಿದೆಯೇನೋ ಎಂಬಂತೆ ನೋಡಿಕೊಂಡ.

"ಬಿಡಿ ಮೇಡಂ, ಅಕ್ಕ ತಮ್ಮನ ಜಗಳ, ಮನೇಲಿ ಏನೋ ಆಗಿರುತ್ತೆ" ಎಂದರು ಸಾಹುಕಾರರು. ಕಲೆಯ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದರು. "ಏಯ್, ನಿಂತು ಏನ್ ನೋಡ್ತೀಯ? ಎಣ್ಣೆ ಒರೆಸಿ ಒಳಗೆ ಹೋಗು. ಕೆರೆದು ಮತ್ತೆ ಬೆಸೆ. ಮೇಡಂ ಊಟ ಮುಗಿಸೋದ್ರೊಳಗೆ ಆಗ್ಬೇಕು."

ಯಾರೋ ಕೆಮ್ಮಿದರು. ಸಾಹುಕಾರರಿಗೆ ತಾವು ಏನು ಹೇಳಿದೆವೆಂದು ಆಮೇಲೆ ತಿಳಿಯಿತು. ಹೆಂಗಸರ ಕೈ ನಡುಗುತ್ತದೆ ಎಂದ ಬಾಯಿ ಇನ್ನೂ ಮುಚ್ಚಿರಲಿಲ್ಲ. ಅದೇ ಬಾಯಿ ಆ ಕೈಯನ್ನೇ ಕರೆದಿತ್ತು.

"ಹೋಗಲ್ಲ" ಎಂದೆ.

"ಏನಂದೆ?"

"ಒಳಗೆ ಹೋಗಲ್ಲ ಅಂದೆ. ನನ್ನ ಗುರುತು ಹೊರಗೆ ಬೀಳೋವರೆಗೆ ಹೋಗಲ್ಲ. ತಪ್ಪೂ ನನ್ನ ಲೆಕ್ಕಕ್ಕೆ ಬರಲಿ, ಒಪ್ಪೂ ನನ್ನ ಲೆಕ್ಕಕ್ಕೆ ಬರಲಿ. ತಪ್ಪು ಮಾತ್ರ ನಂದು ಅನ್ನೋ ಹಾಗಿದ್ರೆ ಹದಿನೇಳನ್ನೇ ಒಳಗೆ ಕಳಿಸಿ."

"ಹದಿನೇಳೇ ಹೋಗಲಿ" ಎಂದರು ಸಾಹುಕಾರರು ಹಟಕ್ಕೆ. ನನ್ನ ತಮ್ಮ ಮಾಸ್ಕು ಎತ್ತಿಕೊಂಡ. ಕೈ ತೂರಿಸಿದ, ತಲೆ ತೂರಿಸಿದ, ಒಂದು ಭುಜ ತೂರಿಸಿದ. ಇನ್ನೊಂದು ಭುಜ ಬಾಯಿಗೆ ಸಿಕ್ಕಿಕೊಂಡಿತು. ಕಾಲು ಒದ್ದುಕೊಂಡ. ಇಬ್ಬರು ಸೊಂಟ ಹಿಡಿದು ಎಳೆದು ಹೊರಗೆ ಹಾಕಿದರು. ಹೊಸ ಕೈಗವಸು ಒಳಗೇ ಉಳಿಯಿತು. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ.

ನನ್ನ ಸೊಂಟದ ಚೀಲದಲ್ಲಿ ಅಪ್ಪನ ಪಂಚು ಇತ್ತು. ನಂಬರಿನ ಪಂಚಲ್ಲ, ಅದು ತಮ್ಮನ ಹತ್ತಿರ. ಇದು ಚುಕ್ಕೆ ಹೊಡೆಯುವ ಚೂಪು ಪಂಚು. ಅದನ್ನು ಯಾರೂ ಕೇಳಿರಲಿಲ್ಲ, ಹಾಗಾಗಿ ನನಗೆ ಉಳಿದಿತ್ತು. ಕಲೆ ಬಿದ್ದ ಜಾಗದಲ್ಲಿ, ಹದಿನೇಳರ ಪಕ್ಕದಲ್ಲಿ ಇಟ್ಟು ಸುತ್ತಿಗೆ ಎತ್ತಿದೆ. ಠಣ್. ಒಂದು ಚುಕ್ಕೆ. ಮೊದಲು ನನ್ನ ತಪ್ಪಿಗೇ ಗುರುತು ಹಾಕಿದೆ. ಆಮೇಲೆ ಅಂಗಳಕ್ಕೆ ನಡೆದೆ. ಪಕ್ಕದ ಟ್ಯಾಂಕು. ಠಣ್. ಅದರಾಚೆಯದು. ಠಣ್. ಸಾಹುಕಾರರು "ಹಿಡೀರೋ ಅವಳನ್ನ" ಎಂದು ಕೂಗುತ್ತಿದ್ದರು. ಸುತ್ತಿಗೆ ಹಿಡಿದವಳನ್ನು ಯಾರೂ ಹಿಡಿಯಲಿಲ್ಲ. ಕೊನೆಯ ಟ್ಯಾಂಕಿಗೂ ಹೊಡೆದು ತಿರುಗಿದೆ. ಕೈ ನಡುಗುತ್ತಿರಲಿಲ್ಲ. ನೋಡಿಕೊಂಡೆ.

ಎಂಜಿನಿಯರು ಕನ್ನಡಕ ತೆಗೆದು ಒರೆಸಿದಳು.

"ನಂಬರು ಇಲ್ಲದೋರು ಬೆಸೆದ ಟ್ಯಾಂಕು ನಾವು ತಗೊಳ್ಳೋ ಹಾಗಿಲ್ಲ" ಎಂದಳು ಸಾಹುಕಾರರಿಗೆ. "ಎಲ್ಲಾ ನಿಲ್ಲಿಸಿ. ಹದಿನೇಳನೇ ನಂಬರನ್ನೂ ಸದ್ಯಕ್ಕೆ ಬಳಸಬೇಡಿ."

"ನನಗೆ ಪರೀಕ್ಷೆ ಕೊಡಿ" ಎಂದೆ.

"ಅದನ್ನ ನಿಮ್ಮ ಶೆಡ್ಡಿನೋರು ಕೇಳ್ಬೇಕಮ್ಮ." ಅವಳು ನನ್ನ ಕೈ ಮುಟ್ಟಲು ಬಂದಳು. ಎಣ್ಣೆ ನೋಡಿ ನಿಲ್ಲಿಸಿದಳು. "ನಿಮ್ಮಂಥೋರನ್ನ ನೋಡಿದ್ರೆ ಹೆಮ್ಮೆ ಆಗುತ್ತೆ. ನಾನೂ ಹೆಣ್ಣಲ್ವಾ."

"ಹೋದ ಸಲವೂ ಹೆಣ್ಣೇ ಆಗಿದ್ರಿ. ಯಾರಪ್ಪಾ ಹದಿನೇಳು ಅಂದ್ರಿ" ಎಂದೆ.

ಅವಳು ಕನ್ನಡಕ ಹಾಕಿಕೊಂಡಳು. ಕಾರು ಹೊರಟಿತು. ಕಾರು ತಿರುವು ದಾಟುವ ಮೊದಲೇ ಸಾಹುಕಾರರು ನನ್ನ ಚೀಲ, ಊಟದ ಡಬ್ಬಿ, ಅಪ್ಪನ ಹರಕು ಕೈಗವಸು ಎಲ್ಲವನ್ನೂ ಬಾಗಿಲಾಚೆ ಎಸೆದರು. ಬೋರ್ಡಿನ ಮೀಸೆಯವನು ನಗುತ್ತಲೇ ಇದ್ದ.

ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಅಮ್ಮ ಬಾಗಿಲಲ್ಲೇ ಕಾದಿದ್ದಳು.

"ತಮ್ಮನ ಅನ್ನಕ್ಕೆ ಕಲ್ಲು ಹಾಕ್ಬಿಟ್ಟೆಯಲ್ಲೇ! ಒಡಹುಟ್ಟಿದೋಳು ಮಾಡೋ ಕೆಲ್ಸಾನಾ? ಅಷ್ಟೊಂದು ಹೊಟ್ಟೆಕಿಚ್ಚಾ ನಿನಗೆ?"

"ಹೌದು" ಎಂದೆ. "ಅಷ್ಟೊಂದು."

ಅಮ್ಮನಿಗೆ ಆ ಉತ್ತರ ಬೇಕಿರಲಿಲ್ಲ.  ಆಮೇಲೆ ಗೋಡೆಗೆ ಕೈ ತೋರಿಸಿದಳು. "ನೋಡು ಅದನ್ನ. ನೋಡೇ! ಅಂಥಾ ಕೈನ ಮೂಲೆಗೆ ಕೂರಿಸಿ ಬಂದಿದೀಯ. ಜನ್ಮ ಎಲ್ಲಾ ಕೂತ್ರೂ ನಿನಗೆ ಅದರ ಹಾಗೆ ಒಂದು ಹಾಕೋಕೆ ಬರುತ್ತಾ?"

 ಎರಡು ಹೆಜ್ಜೆಗೆ ಗೋಡೆ ಮುಟ್ಟಿ ಆ ತುಂಡನ್ನು ತಂತಿ ಸಮೇತ ಕಿತ್ತೆ. ಅಂಗಳಕ್ಕೆ ಬೀಸಿ ಎಸೆಯಬೇಕು, ಅಷ್ಟೇ. ಕೈ ಎತ್ತಿದೆ. ಬೆರಳಿಗೆ ಹಿಂಭಾಗದ ಮೂಲೆಯಲ್ಲಿ ಏನೋ ತಾಗಿತು.

ಕೈ ಇಳಿಸಿ ತಿರುಗಿಸಿದೆ. ಗೋಡೆಯ ಸುಣ್ಣ, ಹಳೆಯ ಎಣ್ಣೆ ಸೇರಿ ಗಟ್ಟಿಯಾದ ಕೊಳೆ. ಉಗುರಿನಿಂದ ಕೆರೆದೆ. ಒಂದು ಚುಕ್ಕೆ. ಇನ್ನೊಂದಕ್ಕಾಗಿ ಹುಡುಕಿದೆ. ಸೆರಗಿಗೆ ಉಗುಳು ಹಚ್ಚಿ ಮೂಲೆಯಿಂದ ಮೂಲೆಗೆ ಉಜ್ಜಿದೆ. ಇರಲಿಲ್ಲ. ಒಂದೇ ಚುಕ್ಕೆ.

ನಾನು ನೆಲದ ಮೇಲೆ ಕೂತುಬಿಟ್ಟೆ.

ಅಪ್ಪ ಸುಳ್ಳು ಹೇಳಿರಲಿಲ್ಲ, ನಮ್ಮನೆ ಕೈ ಎಂದಿದ್ದ. ಅಮ್ಮ ಸುಳ್ಳು ಹೇಳಿರಲಿಲ್ಲ, ಹಾಗೆಂದೇ ನಂಬಿದ್ದಳು. ಸಾಹುಕಾರರನ್ನು ಬಯ್ಯುತ್ತೇನೆ, ಎಂಜಿನಿಯರನ್ನು ಬಯ್ಯುತ್ತೇನೆ. ನನಗೇನು ಬಂದಿತ್ತು ರೋಗ? ನನ್ನದೇ ಬೆಸುಗೆ ದಿನಾ ನನ್ನ ಮುಂದೆ ತೂಗಾಡಿದೆ. ಚೆನ್ನಾಗಿದೆ, ಹಾಗಾದರೆ ಅವನದೇ ಅಂದುಕೊಂಡೆ. ಸಾಹುಕಾರರ ಲೆಕ್ಕವೂ ಅದೇ. ಅವರು ನನ್ನ ಮೇಲೆ ಹಾಕಿದ ಲೆಕ್ಕವನ್ನು ನಾನೂ ನನ್ನ ಮೇಲೇ ಹಾಕಿಕೊಂಡು, ನನ್ನ ಕೈಯನ್ನೇ ನೋಡಿ ಹೊಟ್ಟೆ ಉರಿದುಕೊಂಡು ಅನ್ನ ನುಂಗಿದ್ದೆ.

ಅಮ್ಮನ ಕೈ ಹಿಡಿದೆಳೆದು ಅವಳ ಹೆಬ್ಬೆರಳನ್ನು ಚುಕ್ಕೆಯ ಮೇಲೆ ಒತ್ತಿದೆ. ಚುಕ್ಕೆಯ ಕಥೆ ಅಮ್ಮನಿಗೆ ಗೊತ್ತು. ಬೆರಳು ಅಲ್ಲೇ ನಿಂತಿತು. ಆಮೇಲೆ ಅವಳೂ ಇನ್ನೊಂದು ಚುಕ್ಕೆ ಹುಡುಕಿದಳು. ನನಗಿಂತ ಹೆಚ್ಚು ಹೊತ್ತು ಹುಡುಕಿದಳು.

"ಹಿಂದೆ ಇರೋದು ಯಾರಿಗೆ ಕಾಣುತ್ತೆ?" ಎಂದಳು ಕೊನೆಗೆ, ದನಿ ಸಣ್ಣದು ಮಾಡಿ. "ಇದ್ದ ಹಾಗೇ ತೂಗುಹಾಕು. ಇಷ್ಟು ವರ್ಷ ಬಂದೋರಿಗೆಲ್ಲಾ ಒಂದು ಹೇಳಿ ಈಗ ಇನ್ನೊಂದು ಹೇಳೋಕಾಗುತ್ತಾ?"

ತಮ್ಮ ಬಂದ. ಬರಿಗೈ, ಭುಜದ ಮೇಲೆ ತರಚು ಗಾಯ. ಜಗಳಕ್ಕೆಂದೇ ಬಂದಿದ್ದ, ಬಾಯಿ ತೆಗೆದಿದ್ದ. ನನ್ನ ಮಡಿಲಲ್ಲಿ ತಲೆಕೆಳಗಾಗಿ ಬಿದ್ದ ತುಂಡು ನೋಡಿ ನಿಂತ. ಬಗ್ಗಿ ಎತ್ತಿಕೊಂಡ. ಚುಕ್ಕೆ ನೋಡಿದ. ತಿರುಗಿಸಿ ಬೆಸುಗೆ ನೋಡಿದ. ಮತ್ತೆ ಚುಕ್ಕೆ ನೋಡಿದ.

"ಇದರ ಹಾಗೆ ಇನ್ನೊಂದು ಹಾಕೋಕೆ ಇಷ್ಟು ದಿನ ಒದ್ದಾಡಿದೀನಿ" ಎಂದ. "ಒಂದ್ಸಲ ಬಂದಿದ್ದ ಕೈ ಆಮೇಲೆ ಯಾಕೆ ಬರ್ತಿಲ್ಲ ಅಂತ."

"ನಾನೂ ಅದಕ್ಕೇ ಒದ್ದಾಡಿದೀನಿ" ಎಂದೆ.

ಅವನು ನನ್ನನ್ನು ನೋಡಿದ. ಮೊದಲು ಮುಖ, ಆಮೇಲೆ ನನ್ನ ಕೈ. ಸುಟ್ಟ ಕಲೆಗಳು, ಕಪ್ಪು ಉಗುರು, ಎಣ್ಣೆ ಇಳಿದ ಗೆರೆಗಳು, ಎಲ್ಲವನ್ನೂ ನೋಡಿದ.  ಕಣ್ಣಿನಲ್ಲಿ ಸಣ್ಣಗೆ ಏನೋ ಹತ್ತಿಕೊಂಡಿತು. ಆ ನೋಟವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅದನ್ನು ಸಾಕಿ ದೊಡ್ಡದು ಮಾಡಿದವಳು ನಾನು. ನನ್ನ ತಮ್ಮ ನನ್ನನ್ನು ನೋಡಿ ಹೊಟ್ಟೆಕಿಚ್ಚು ಪಟ್ಟದ್ದು ಅದೇ ಮೊದಲು.

ಉರಿಯಲಿ ಎಂದುಕೊಂಡೆ.

ತುಂಡನ್ನು ಅವನ ಕೈಯಿಂದ ತೆಗೆದು ಹೊಸ್ತಿಲ ಮೇಲೆ ಇಟ್ಟೆ, ಬೆಸುಗೆ ಮೇಲೆ ಬರುವ ಹಾಗೆ. ಚೀಲದಿಂದ ಪಂಚು ತೆಗೆದೆ. "ಬೇಡ ಕಣೇ" ಎಂದಳು ಅಮ್ಮ. ಬೆಸುಗೆಯ ಪಕ್ಕದಲ್ಲೇ, ಬಾಗಿಲಿಂದ ಬರುವವರಿಗೆ ಕಾಣುವ ಜಾಗದಲ್ಲಿ ಪಂಚು ನೆಟ್ಟಗೆ ಹಿಡಿದು ಹೊಡೆದೆ. ಠಣ್. ಅಮ್ಮ ಕಿವಿ ಮುಚ್ಚಿಕೊಂಡಳು. ತಮ್ಮ ಮುಚ್ಚಿಕೊಳ್ಳಲಿಲ್ಲ.

ತುಂಡು ಮತ್ತೆ ಅದೇ ಮೊಳೆಯ ಮೇಲಿದೆ. ಯಾರಾದರೂ ಬಂದು "ಮಗಂದಾ?" ಎಂದು ಕೇಳಿದರೆ ಅಮ್ಮ ಏನು ಹೇಳುತ್ತಾಳೋ ಕೇಳಬೇಕು. ಕೇಳಲು ನಾನು ಇಲ್ಲೇ ಕೂತಿರುತ್ತೇನೆ, ತುಂಡಿನ ಎದುರಿಗೇ. ಹೇಗೂ ಕೆಲಸ ಹೋಗಿದೆಯಲ್ಲ.